ರೆಕ್ಕೆಗೆ ಸಿಕ್ಕ ಯಜಮಾನ: ಅಮೆರಿಕದ ಸ್ಪ್ರಿಂಟ್ ಕಾರ್ ರೇಸಿನ ಎರಡು ಕವಲುಗಳು

1958ರಲ್ಲಿ ಒಹಾಯೊದ ಕೊಲಂಬಸ್ ಮೋಟರ್ ಸ್ಪೀಡ್‌ವೇಯಲ್ಲಿ ಜಿಮ್ ಕುಶ್‌ಮನ್ ತಮ್ಮ ಸ್ಪ್ರಿಂಟ್ ಕಾರಿನ, ಅಂದರೆ ಚಿಕ್ಕ ಟ್ರ್ಯಾಕುಗಳಲ್ಲಿ ಓಡುವ ಹಗುರ ರೇಸ್ ಕಾರಿನ, ನೆತ್ತಿಗೆ ರೆಕ್ಕೆ ಬಿಗಿದು ಓಡಿಸಿದರು. ರೆಕ್ಕೆ ಹೊತ್ತ ಮೊದಲ ಸ್ಪ್ರಿಂಟ್ ಕಾರೆಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಇಂದು ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ದೊಡ್ಡ ಬಹುಮಾನವೂ ದೊಡ್ಡ ಜನಸಂದಣಿಯೂ ರೆಕ್ಕೆಯ ಕಾರುಗಳ ಪಾಲು. ಇದಕ್ಕೆ ವೇಗವೊಂದನ್ನೇ ಕಾರಣವಾಗಿ ಕೊಟ್ಟರೆ ಅರ್ಧ ಕಥೆ ಹೇಳಿದಂತೆ. ಉಳಿದರ್ಧ ಸಂಘಟನೆಯದು.

ವೇಗದ ಮಾತು ಸುಳ್ಳಲ್ಲ. 410 ಘನ ಅಂಗುಲದ, ಮೆಥನಾಲ್ ಕುಡಿಯುವ ಎಂಜಿನ್ನಿನಿಂದ ಸುಮಾರು 900 ಅಶ್ವಶಕ್ತಿ. ಕಾರಿನ ತೂಕವೋ ಸುಮಾರು 635 ಕಿಲೊ. 25 ಚದರ ಅಡಿಯ ಮೇಲ್ರೆಕ್ಕೆ, ಮೂಗಿನ ಮೇಲಿನ 6 ಚದರ ಅಡಿಯ ಚಿಕ್ಕ ರೆಕ್ಕೆ ಎರಡೂ ಗಾಳಿಯ ಬಲದಿಂದ ಚಕ್ರಗಳನ್ನು ಮಣ್ಣಿಗೆ ಅದುಮುತ್ತವೆ. ಕಾರು ಪಲ್ಟಿಯಾದಾಗ ಏಟಿನ ಒಂದು ಪಾಲನ್ನು ಮೇಲ್ರೆಕ್ಕೆಯೇ ತಿಂದು ನುಗ್ಗಾಗುತ್ತದೆ. ರೆಕ್ಕೆ ಕಳಚಿದರೆ ಆ 900 ಅಶ್ವಶಕ್ತಿಯನ್ನು ಹಿಡಿತದಲ್ಲಿಡಬೇಕಾದದ್ದು ಚಾಲಕನ ಬಲಗಾಲು. ತಿರುವಿಗೆ ಮುಂಚೆಯೇ ಕಾರನ್ನು ಅಡ್ಡಡ್ಡ ಜಾರಿಸಿ, ಹಿಂಬದಿ ಹೊರಳದಂತೆ ಕ್ಷಣಕ್ಷಣಕ್ಕೂ ಥ್ರಾಟಲ್ ತಿದ್ದಬೇಕು. ನೋಡುವುದಕ್ಕೆ ಇದೇ ಸೊಗಸು ಎನ್ನುವವರ ಪಕ್ಷ ನನ್ನದೂ ಹೌದು. ಆದರೆ ಸೊಗಸಿನಿಂದಷ್ಟೇ ಗ್ಯಾಲರಿ ತುಂಬುವುದಿಲ್ಲ.

ರೆಕ್ಕೆಯಿಲ್ಲದ ರೇಸಿನ ಪ್ರತಿಷ್ಠೆ ಇಂಡಿಯಾನಾಪೊಲಿಸ್‌ಗೆ ಕಟ್ಟಿಕೊಂಡಿತ್ತು. 1956ರಿಂದ ರೇಸಿನ ಆಡಳಿತ ವಹಿಸಿಕೊಂಡ ಯುಸ್ಯಾಕ್ ಸಂಸ್ಥೆಯ ಸ್ಪ್ರಿಂಟ್ ಸರಣಿ ಅಲ್ಲಿನ ಹೆಸರಾಂತ 500 ಮೈಲಿಯ ರೇಸಾದ ಇಂಡಿ 500ಕ್ಕೆ ಮೆಟ್ಟಿಲಾಗಿತ್ತು; ಎ. ಜೆ. ಫಾಯ್ಟ್, ಪಾರ್ನೆಲಿ ಜೋನ್ಸ್, ಮಾರಿಯೊ ಆಂಡ್ರೆಟ್ಟಿ ಹತ್ತಿದ್ದು ಅದನ್ನೇ. 1965ರಲ್ಲಿ ಜಿಮ್ ಕ್ಲಾರ್ಕ್ ಹಿಂಬದಿ ಎಂಜಿನ್ನಿನ ಲೋಟಸ್‌ನಲ್ಲಿ ಇಂಡಿ ಗೆದ್ದರು. ಅಲ್ಲಿಂದ ಮುಂದೆ ಮುಂಬದಿ ಎಂಜಿನ್ನಿನ ಮಣ್ಣಿನ ಕಾರಿನಲ್ಲಿ ಕಲಿತ ವಿದ್ಯೆಗೆ ಇಂಡಿಯಲ್ಲಿ ಬೆಲೆ ಇಳಿಯುತ್ತ ಹೋಯಿತು.

ಆ ಹೊತ್ತಿಗೆ ಬೇರೆ ದಾರಿ ತೆರೆದವರು ಟೆಡ್ ಜಾನ್ಸನ್. 1978ರಲ್ಲಿ ಅವರು ಕಟ್ಟಿದ 'ವರ್ಲ್ಡ್ ಆಫ್ ಔಟ್‌ಲಾಸ್' ಊರೂರು ಅಲೆಯುವ ಚಾಲಕರಿಗೆ ಒಂದು ರಾಷ್ಟ್ರೀಯ ವೇಳಾಪಟ್ಟಿ ಕೊಟ್ಟಿತು. ಇಂಡಿಯ ಹಂಗಿಲ್ಲದೆ ಸ್ಪ್ರಿಂಟ್ ಕಾರನ್ನೇ ನಂಬಿ ಬದುಕುವುದು ಸಾಧ್ಯವಾಯಿತು. ಗಮನಿಸಬೇಕಾದದ್ದೆಂದರೆ, ಆರಂಭದ ವರ್ಷಗಳಲ್ಲಿ ಈ ಸರಣಿಯೂ ಕೆಲವೆಡೆ ರೆಕ್ಕೆಯಿಲ್ಲದೆ ಓಡಿತ್ತು. ರೆಕ್ಕೆಯ ಪಟ್ಟ ಗಟ್ಟಿಯಾದದ್ದು ಸರಣಿ ಬೆಳೆದಂತೆಲ್ಲ. ಅದರ 20 ಪ್ರಶಸ್ತಿ ಗೆದ್ದ ಸ್ಟೀವ್ ಕಿನ್ಸರ್, ವಿಚಿತ್ರವೆಂದರೆ, ರೆಕ್ಕೆಯಿಲ್ಲದ ರೇಸಿನ ತವರಾದ ಇಂಡಿಯಾನಾದವರೇ. ಅಯೋವಾದ ನಾಕ್ಸ್‌ವಿಲ್ ನ್ಯಾಷನಲ್ಸ್ ಅನ್ನೂ ಅವರು 12 ಬಾರಿ ಗೆದ್ದರು.

ರೆಕ್ಕೆಯಿಲ್ಲದ ಹಳೆಯ ಕವಲಿಗೆ ಏಟುಗಳೂ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಅದರ ಭದ್ರಕೋಟೆಯಾಗಿದ್ದ ಆಸ್ಕಾಟ್ ಪಾರ್ಕ್ 1990ರಲ್ಲಿ ಮುಚ್ಚಿತು. ಆದರೂ ಅದು ಸಾಯಲಿಲ್ಲ. ಕೊಕೊಮೊ, ಟೆರೆ ಹಾಟ್, ಲಾರೆನ್ಸ್‌ಬರ್ಗ್‌ನಂಥ ಟ್ರ್ಯಾಕುಗಳು ಒಂದೇ ರಾಜ್ಯದಲ್ಲಿ ಒತ್ತೊತ್ತಾಗಿರುವ ಇಂಡಿಯಾನಾದಲ್ಲಿ ಬೇರು ಬಿಟ್ಟು ಉಳಿಯಿತು. ಇಎಸ್‌ಪಿಎನ್ ವಾಹಿನಿಯ 'ಥಂಡರ್' ಪ್ರಸಾರ ಯುಸ್ಯಾಕ್ ರೇಸುಗಳನ್ನು ಮನೆಮನೆಗೆ ಮುಟ್ಟಿಸಿತು. ಜೆಫ್ ಗಾರ್ಡನ್, ಟೋನಿ ಸ್ಟೀವರ್ಟ್ ಆ ಕಾಲದ ಫಸಲು; ಸ್ಟೀವರ್ಟ್ 1995ರಲ್ಲಿ ಬೇರೆ ಬೇರೆ ಬಗೆಯ ಕಾರುಗಳಿಗೆ ಯುಸ್ಯಾಕ್ ಕೊಡುವ ಮೂರೂ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. ಮೆಟ್ಟಿಲು ಈ ಸಲ ನಾಸ್ಕಾರ್ ಎಂಬ ಸ್ಟಾಕ್ ಕಾರ್ ರೇಸಿನ ಕಡೆಗೆ ತಿರುಗಿತ್ತು. ಇದರಿಂದ ಸರಣಿಗೆ ಹೆಸರು ಬಂತು, ಆದರೆ ಹೆಸರು ಮಾಡಿದವರು ಅಲ್ಲಿ ನಿಲ್ಲಲಿಲ್ಲ. ರೆಕ್ಕೆಯ ಸರಣಿಯಲ್ಲಿ ಕಿನ್ಸರ್ ಅವರನ್ನು ವರ್ಷವರ್ಷವೂ ನೋಡಬಹುದಿತ್ತು; ಜನರ ನಂಟು ಬೆಳೆದದ್ದು ಹಾಗೆ.

ಕೈಲ್ ಲಾರ್ಸನ್ 2011ರಲ್ಲಿ ಎಲ್ಡೋರಾ ಟ್ರ್ಯಾಕಿನಲ್ಲಿ ಒಂದೇ ರಾತ್ರಿ ಯುಸ್ಯಾಕ್‌ನ ರೆಕ್ಕೆಯಿಲ್ಲದ ಮೂರೂ ವಿಭಾಗಗಳನ್ನು ಗೆದ್ದವರು. ಅಂಥವರೇ 2023ರಲ್ಲಿ ಇನ್ನೊಬ್ಬ ಚಾಲಕ ಬ್ರ್ಯಾಡ್ ಸ್ವೀಟ್ ಜೊತೆ 'ಹೈ ಲಿಮಿಟ್' ಎಂಬ ಸ್ವಂತ ಸರಣಿ ಹೂಡಿದಾಗ ಆರಿಸಿಕೊಂಡದ್ದು ರೆಕ್ಕೆಯ ಕಾರುಗಳನ್ನು.