ಹೊಗೆಸೊಪ್ಪಿನ ಹದ

ಕಾಗದವು ಗಾಳಿಯ ತೇವವನ್ನು ಹೀರುವುದೆಂಬುದು ಆಷಾಢದಲ್ಲಿ ಪುಸ್ತಕದ ಬೀರು ತೆರೆದವರಿಗೆಲ್ಲ ಗೊತ್ತು. ಅದರ ನಾರಿನಲ್ಲಿರುವ ಸೆಲ್ಯುಲೋಸಿಗೆ ನೀರೆಂದರೆ ಅಷ್ಟು ಸೆಳೆತ. ಪರಿಮಳತೈಲದ ಆವಿಯನ್ನೂ ಅದು ಬಿಡದು. ಹೊಗೆಸೊಪ್ಪಿನೊಡನೆ ಅಟ್ಟದಲ್ಲಿದ್ದ ಲೆಕ್ಕದ ಪುಸ್ತಕಗಳನ್ನು ಹುಣಸೂರಿನ ಕಡೆ ನಾನು ತೆರೆದು ನೋಡಿದ್ದುಂಟು; ಶಾಯಿ ಮಾಸಿದ್ದರೂ ಘಾಟು ಮಾಸಿರಲಿಲ್ಲ.

ಹೊಗೆಸೊಪ್ಪಿನ ಎಲೆಗೂ ತೇವ ಹೀರುವ ಇದೇ ಗುಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರು ವರ್ಜೀನಿಯಾ ಎಲೆಯನ್ನು ಬ್ಯಾರನ್ನಿನ ಬಿಸಿಯಲ್ಲಿ ಒಣಗಿಸುತ್ತಾರೆ. ಒಣಗಿ ಗರಿಗರಿಯಾದ ಎಲೆ ಮುಟ್ಟಿದರೆ ಪುಡಿ. ಆದ್ದರಿಂದ ಬಾಗಿಲು ತೆರೆದು, ತಂಗಾಳಿಯ ತೇವ ಕುಡಿಸಿ, ಹದಕ್ಕೆ ತರುತ್ತಾರೆ. ತೇವ ಹೆಚ್ಚಿತೋ, ಬೂಷ್ಟು ಹಿಡಿಯಿತು, ಬೆಲೆ ಬಿತ್ತು.

ಈ ಹದ ಸರಿಯೆಂದು ಹೇಳುವವರಾರು? ಹಿಂದೆ ಕೊಳ್ಳುವವನ ಬೆರಳೇ ನ್ಯಾಯಾಧೀಶ. 1975ರ ಕಾಯಿದೆಯಿಂದ ತಂಬಾಕು ಮಂಡಳಿ ಹುಟ್ಟಿತು. 1984ರಲ್ಲಿ ಕರ್ನಾಟಕಕ್ಕೆ ಅದರ ಹರಾಜು ಬಂದು, ಹತ್ತು ಜನರೆದುರು ಬೆಲೆ ಕಟ್ಟುವಂತಾಯಿತು. ರೈತನಿಗೆ ಅದು ಸಣ್ಣ ಲಾಭವೇನಲ್ಲ. ಆದರೂ ಎಲೆಯ ಸ್ವಭಾವವನ್ನು ಯಾವ ಕಾಯಿದೆಯೂ ತಿದ್ದಲಾರದು. ವರ್ಷದ ದುಡಿಮೆ ಇಂದಿಗೂ ಒಂದು ರಾತ್ರಿಯ ಗಾಳಿಯನ್ನು ನಂಬಿದೆ.