ಮಣಲೇರ ಬೇಡಿ ಪಡೆದ ನಾಯಿ

ಯುದ್ಧ ಗೆದ್ದ ಒಡೆಯ ಮೆಚ್ಚಿ, ‘ಬೇಕಾದುದನ್ನು ಬೇಡಿಕೋ’ ಎಂದರೆ ಯೋಧನಾದವನು ಏನನ್ನು ಕೇಳಿಯಾನು? ಊರು, ಉಂಬಳಿ, ಆನೆ, ಕುದುರೆ. ಗಂಗರ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಈ ಸಂಗತಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನದಲ್ಲಿದೆ. ಶಾಸನದ ಕಾಲ ಶಕ ವರ್ಷ 872, ಎಂದರೆ ಕ್ರಿ.ಶ. 949-50. ಅದೇ ಸುಮಾರಿಗೆ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಕಾಳಗ ನಡೆದು, ಚೋಳ ರಾಜಾದಿತ್ಯ ಹತನಾದ. ಕೃಷ್ಣನ ಪರವಾಗಿ ಹೋರಾಡಿದ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70 ಮತ್ತು ಬಾಗೆನಾಡು 70 ದೊರೆತವು. ಕಿನ್ನಾಳದ ಚಿತ್ರಗಾರರ ಬಣ್ಣದ ಗೊಂಬೆಗಳನ್ನು ನೋಡಲು ಕೊಪ್ಪಳಕ್ಕೆ ಬಂದವರು ಯಲಬುರ್ಗಾದ ಕಡೆ ಹೊರಳಿದರೆ ಸಿಗುವ ಕುಕನೂರು ಈ ಬೆಳ್ವೊಲಕ್ಕೆ ಸೇರಿದ್ದು. ಆತಕೂರಿನ ಕಲ್ಲಿನ ಕಥೆಗೂ ಈ ಎರೆಹೊಲಗಳಿಗೂ ಹೀಗೊಂದು ನಂಟಿದೆ. ಮಣಲೇರನಿಗೂ ಆತಕೂರಿನ ಜೊತೆಗೆ ಬೆಳ್ವೊಲದ ಒಂದು ಊರು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಗೌರವದ ಕೊಡುಗೆಯಾಗಿ, ಸಂದಿತ್ತು. ಅಷ್ಟಾದರೂ ಅವನು ಬಾಯಿ ಬಿಟ್ಟು ಕೇಳಿದ್ದು ಕಾಳಿಯನ್ನೇ.

ಮುಂದೇನಾಯಿತು? ಬೆಳತೂರ ಬೆಟ್ಟದಲ್ಲಿ ಕಾಳಿಯನ್ನು ಒಂದು ಭಾರಿ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಕೋರೆಯಿರುವ ಕಾಡುಹಂದಿಯ ಬೇಟೆಯಲ್ಲಿ ಇದು ಅಪರೂಪದ ಸಾವಲ್ಲ. ನಾಯಿಯ ಕೆಲಸ ಹಂದಿಯನ್ನು ಹಿಡಿದು ನಿಲ್ಲಿಸುವುದು, ಬೇಟೆಗಾರ ಈಟಿ ಹಿಡಿದು ಬರುವವರೆಗೆ ಬಿಡದಿರುವುದು. ಅಪರೂಪದ್ದು ಮಣಲೇರ ನಂತರ ಮಾಡಿದ ಕೆಲಸ. ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಎರಡು ಖಂಡುಗ ಮಣ್ಣು ಬಿಟ್ಟ. ಆ ಕಲ್ಲನ್ನು ಪೂಜಿಸದೆ ಗುಡಿಯ ಗೊರವ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಒಂದು ಕಡೆ ನಾಯಿಗೆ ನಿತ್ಯಪೂಜೆ, ಇನ್ನೊಂದು ಕಡೆ ಬೇಟೆಯ ಕೊಲೆಗಳ ಪಾಪದ ಲೆಕ್ಕ. ಎರಡನ್ನೂ ಒಂದೇ ಕಲ್ಲಿನ ಮೇಲೆ ಬರೆಸಲು ಮಣಲೇರನಿಗೆ ಸಂಕೋಚವಾಗಲಿಲ್ಲ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ, ಹಂದಿ ಎದುರುಬದುರಾಗಿ ಕಾದಾಡುವ ಚಿತ್ರವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೇರ ಕೂಲಿಗೆ ನಾಯಿ ಪಳಗಿಸುವವನಲ್ಲ, ಪ್ರೀತಿಗೆ ಸಾಕಿದವನು. ಇಂದಿನ ಮಾತಿನಲ್ಲಿ ಹವ್ಯಾಸಿ. ಇಂಥವರಿಗಾಗಿಯೇ ಪಶ್ಚಿಮ ದೇಶಗಳಲ್ಲಿ ಒಂದು ಆಟ ಬೆಳೆದಿದೆ. ಬೇಟೆನಾಯಿಗಳನ್ನು ಬಯಲಿನಲ್ಲಿ ಪರೀಕ್ಷಿಸುವ ಮೊದಲ ಸ್ಪರ್ಧೆ 1865ರಲ್ಲಿ ಇಂಗ್ಲೆಂಡಿನ ಸೌತ್‌ಹಿಲ್‌ನಲ್ಲಿ ನಡೆಯಿತು. ಆಮೇಲೆ ಲ್ಯಾಬ್ರಡಾರ್‌ನಂಥ ‘ರಿಟ್ರೀವರ್’ ನಾಯಿಗಳಿಗೆ ಪ್ರತ್ಯೇಕ ಪಂದ್ಯಗಳು ಬಂದವು. ರಿಟ್ರೀವರ್ ಎಂದರೆ ಗುಂಡಿಗೆ ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ತಾಕದಂತೆ ಕಚ್ಚಿ ತಂದು ಕೈಗೆ ಕೊಡುವ ನಾಯಿ. ಹಕ್ಕಿ ಬಿದ್ದುದನ್ನು ಕಂಡಿದ್ದರೆ ಆ ಜಾಗವನ್ನು ನೆನಪಿಟ್ಟು ಹೋಗಬೇಕು. ಕಾಣದಿದ್ದರೆ ದೂರದಲ್ಲಿ ನಿಂತ ಒಡೆಯನ ಸೀಟಿ ಮತ್ತು ಕೈಸನ್ನೆಯನ್ನು ನಂಬಿ ಹುಲ್ಲು, ನೀರು ದಾಟಿ ಹೋಗಬೇಕು. ಅಪ್ಪಣೆಯಿಲ್ಲದೆ ಎದ್ದು ಓಡಿದರೆ ಅಂದಿನ ಆಟ ಅಲ್ಲಿಗೆ ಮುಗಿದಂತೆಯೇ. ಕೆಲಸ ಬಿಟ್ಟು ಬಂದು ಮೈದಾನದಲ್ಲಿ ನಿಂತ ಹವ್ಯಾಸಿಗೂ ಸಂಬಳ ಪಡೆದು ಪಳಗಿಸುವವನಿಗೂ ತೀರ್ಪುಗಾರರ ಅಳತೆ ಒಂದೇ.

ಕನ್ನಡನಾಡಿನ ಹೆಸರಾಂತ ಬೇಟೆನಾಯಿಯ ಗುಣ ಇದಕ್ಕೆ ತೀರ ಬೇರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಮೂಗಿಗಿಂತ ಕಣ್ಣನ್ನು ನಂಬುವುದು. ನೀಳ ಕಾಲು, ಬತ್ತಿದ ಹೊಟ್ಟೆ, ಮೊಲ ಕಂಡರೆ ಬಿಟ್ಟ ಬಾಣ. ಸನ್ನೆಗೆ ಕಾಯುವ ಜಾತಿಯಲ್ಲ. ತನ್ನ ತೀರ್ಮಾನ ತಾನೇ ಮಾಡುತ್ತದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಗೆ ಆಸರೆಯಾದರು. ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಅವರು ಒಂದು ಜೋಡಿ ನಾಯಿಯನ್ನು ಕಾಣಿಕೆ ಕೊಟ್ಟ ಮೇಲೆ ‘ಮುಧೋಳ’ ಎಂಬ ಹೆಸರು ನಿಂತಿತೆಂದು ಪ್ರತೀತಿ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಯಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಈ ನಾಯಿಗಳಿಗೆ ಹುಟ್ಟುಕಸುಬೇ ಇಲ್ಲವಾಯಿತು. ಕಾಯಿದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಓಡಿಸಿ ನೋಡುವವರಿಲ್ಲದೆ ಬರಿ ಮೈಮಾಟ ನೋಡಿ ಮರಿ ಮಾಡಿಸಿದರೆ ತಳಿಯ ಓಟ, ದಮ್ಮು ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತವೆ ಎಂಬ ಅಳುಕು ಮಾತ್ರ ಉಳಿದಿದೆ. ಬಯಲು ಸ್ಪರ್ಧೆ ನಡೆಸುವವರೂ ಇದೇ ಅಳುಕಿನಿಂದಲೇ ತಮ್ಮ ಆಟವನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಮುಧೋಳದ ಸಮೀಪ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಶುದ್ಧ ತಳಿಯ ಮರಿಗಳನ್ನು ಬೆಳೆಸಿ ಸಾಕುವವರಿಗೆ ಕೊಡುತ್ತಿದೆ. ಅಲ್ಲಿಂದ 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಕೆಲವು ಮರಿಗಳು ತರಬೇತಿಗೆ ಹೋದವು. ಅಲ್ಲಿ ಅವು ಕಲಿಯಬೇಕಾಗಿ ಬಂದದ್ದು ಮೊಲವನ್ನು ಮರೆತು ಮನುಷ್ಯನ ಅಪ್ಪಣೆಗೆ ಕಾಯುವುದನ್ನು.