ಬೀರೂರು–ಶಿವಮೊಗ್ಗದ ಹಳಿಯೂ ಅದರ ಆಶ್ರಿತರೂ

1899ನೆಯ ಇಸವಿಯ ಡಿಸೆಂಬರಿನಲ್ಲಿ ಬೀರೂರು–ಶಿವಮೊಗ್ಗ ರೈಲುಮಾರ್ಗವು ಸಂಚಾರಕ್ಕೆ ತೆರೆದಾಗ, ಅದರ ಎರಡು ಹಳಿಗಳ ನಡುವಣ ಅಂತರವು ಒಂದು ಮೀಟರ್ ಆಗಿತ್ತು. ಈ ಅಳತೆಯ ಹಿಂದೆ ಒಂದು ಮಿತವ್ಯಯದ ಕಥೆಯಿದೆ. ಗವರ್ನರ್ ಜನರಲ್ ಡಾಲ್‌ಹೌಸಿಯು ಭರತಖಂಡಕ್ಕೆಲ್ಲ ಐದೂವರೆ ಅಡಿಯ ವಿಶಾಲಮಾರ್ಗವೇ ಸಲ್ಲತಕ್ಕದ್ದೆಂದು ನಿರ್ಣಯಿಸಿದ್ದನು. ಆದರೆ 1870ರ ವೇಳೆಗೆ ಬೊಕ್ಕಸದ ಬಡತನವನ್ನು ಕಂಡ ವೈಸ್‌ರಾಯ್ ಮೇಯೋ, ಅಗ್ಗವಾದ ಮೀಟರ್ ಹಳಿಗೆ ಒಪ್ಪಿಗೆಯಿತ್ತನು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿಯೇ ವಿಶಾಲಹಳಿ ಬಂದಿತ್ತು. ಮೈಸೂರು ಸಂಸ್ಥಾನವು 1880ರ ದಶಕದಲ್ಲಿ ತನ್ನ ಮಾರ್ಗಗಳನ್ನು ಕಟ್ಟಿದ್ದು ಮೀಟರ್ ಅಳತೆಯಲ್ಲಿ. ಹೀಗಾಗಿ ಬೆಂಗಳೂರೆಂಬುದು ಎರಡು ಅಳತೆಗಳು ಸಂಧಿಸುವ, ಸಂಧಿಸಿಯೂ ಕೂಡಿಕೊಳ್ಳಲಾರದ ಸ್ಥಳವಾಯಿತು.

ಇದರ ಭಾರವನ್ನು ಅಕ್ಷರಶಃ ಹೊತ್ತವರು ಹಮಾಲರು. ಬೀರೂರು–ಶಿವಮೊಗ್ಗ ಮಾರ್ಗದ ಮೇಲಿನ, ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ, ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಮೇಲೆದ್ದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಬೀಡುಕಬ್ಬಿಣವನ್ನು ಇಳಿಸತೊಡಗಿತಷ್ಟೆ. ಆ ಬೀಡಿನ ಗಟ್ಟಿಗಳು ಮದರಾಸಿನ ಕಡೆಗೆ ಹೋಗಬೇಕಾದರೆ, ಬೆಂಗಳೂರಿನಲ್ಲಿ ಮೀಟರ್ ಹಳಿಯ ವ್ಯಾಗನ್ನಿನಿಂದ ಒಂದೊಂದಾಗಿ ಇಳಿದು, ಪಕ್ಕದಲ್ಲಿ ನಿಂತ ವಿಶಾಲಹಳಿಯ ವ್ಯಾಗನ್ನಿಗೆ ಮರಳಿ ಏರಬೇಕಾಗಿತ್ತು. ಇತ್ತ ಕಾರ್ಖಾನೆಯ ಆವರಣದಲ್ಲಾದರೋ ಮೂರನೆಯ ಅಳತೆಯೊಂದಿದ್ದಿತು: ಸೌದೆ ಸಾಗಿಸುವ ಟ್ರಾಮುಹಳಿಯ ಅಗಲ ಎರಡೇ ಅಡಿ. ಸಮೀಪದ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಪುಟ್ಟ ರೈಲಿನದೂ ಅದೇ ಅಳತೆ. ಮಲೆನಾಡಿನ ಒಂದು ಮರವು ಇದ್ದಿಲಾಗಿ, ಇದ್ದಿಲು ಬೀಡಾಗಿ, ಬೀಡು ಸಮುದ್ರತೀರವನ್ನು ಸೇರುವಷ್ಟರಲ್ಲಿ ಮೂರು ಬಗೆಯ ಹಳಿಗಳನ್ನು ದಾಟುತ್ತಿದ್ದಿತೆಂದರೆ, ಏಕರೂಪದ ಹಳಿ ಬೇಕೆಂಬ ಹಂಬಲವು ಎಷ್ಟು ಸಹಜವಾದುದೆಂಬುದನ್ನು ಓದುಗರು ಊಹಿಸಬಹುದು.

ಆದರೆ ಹಳಿಯೆಂಬುದು ಕೇವಲ ಎರಡು ಉಕ್ಕಿನ ಸಲಾಕೆಗಳಲ್ಲ. ಅದನ್ನು ನೆಚ್ಚಿ ಬದುಕುವ ಆಶ್ರಿತರ ಸಂಸಾರವು ಬಲು ದೊಡ್ಡದು. ಮೀಟರ್ ಹಳಿಯ ಅಡಿಮರ ಸುಮಾರು 1.8 ಮೀಟರ್ ಉದ್ದ, ವಿಶಾಲಹಳಿಯದು 2.75 ಮೀಟರ್; ಆದುದರಿಂದ ಹಳಿಯನ್ನು ಆಚೆಗೆ ಸರಿಸಿ ಮೊಳೆ ಹೊಡೆದರಾಯಿತೆಂಬ ಮಾತು ನಡೆಯದು. ಹಗುರವಾದ ಗಾಡಿಗಳಿಗೆಂದು ಭದ್ರೆಯ ಮೇಲೆ ಕಟ್ಟಿದ ಸೇತುವೆಯ ತೊಲೆಗಳು ಒಂದೊಂದು ಅಚ್ಚಿಗೆ ಸುಮಾರು 20 ಟನ್ ಹೇರುವ ಗಾಡಿಯನ್ನು ತಾಳಬಲ್ಲವೆ, ಪ್ಲಾಟ್‌ಫಾರಂ ಹೊಸ ಡಬ್ಬಿಯ ಮೆಟ್ಟಿಲಿಗೆ ಸರಿಹೊಂದುವುದೆ, ಕಾರ್ಖಾನೆಗಳ ಒಳಕ್ಕೆ ಕವಲೊಡೆದ ಸೈಡಿಂಗಿನ ತಿರುವುಗಳು ಉದ್ದವಾದ ವ್ಯಾಗನ್ನನ್ನು ಬಾಗಿಸಿಕೊಳ್ಳಬಲ್ಲವೆ, ತೂಕದ ಸೇತುವೆ, ಮಾಲು ಇಳಿಸುವ ಕಟ್ಟೆ, ಸಿಗ್ನಲ್ಲಿನ ಕೈಕಂಬ ಇವುಗಳ ಗತಿಯೇನು ಎಂದು ಒಂದೊಂದನ್ನೂ ಕೇಳಿ ಬರೆದುಕೊಳ್ಳದೆ ನಡುವಣ ಹಳಿಯನ್ನು ಮುಟ್ಟಲಾಗದು. ನನ್ನ ಅಭಿಪ್ರಾಯದಲ್ಲಿ ಅಳತೆಯ ಪರಿವರ್ತನೆಯ ನಿಜವಾದ ಕಾರ್ಯವೆಂದರೆ ಈ ಜನಗಣತಿಯೇ. ಹಾರೆ ಹಿಡಿಯುವುದು ಆಮೇಲಿನ ಮಾತು.

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯವರು 1892ರ ಮೇ ತಿಂಗಳಲ್ಲಿ, ಒಂದು ವಾರಾಂತ್ಯದ ಒಳಗೆ, ಏಳಡಿಯ ಹಳಿಯ ಕೊನೆಯ ಭಾಗವನ್ನು ಕಿರಿದುಗೊಳಿಸಿದ್ದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಜನರು ಹೊಗಳುವುದು ಆ ಎರಡು ದಿನಗಳನ್ನು. ನಾನು ಹೊಗಳುವುದು ಅದಕ್ಕೆ ಮುಂಚಿನ ವರ್ಷಗಳನ್ನು. ಎರಡೂ ಅಳತೆಗೆ ಮಾರ್ಪಡಿಸಬಹುದಾದ ಎಂಜಿನ್ನುಗಳನ್ನು ಅವರು ಮೊದಲೇ ಕಟ್ಟಿಸಿದ್ದರು. ಹಳೆಯ ಅಳತೆಯ ಗಾಡಿಗಳನ್ನೆಲ್ಲ ಸ್ವಿಂಡನ್ನಿಗೆ ತರಿಸಿ ನಿಲ್ಲಿಸಲು ಮೈಲಿಗಟ್ಟಲೆ ತಾತ್ಕಾಲಿಕ ಹಳಿಗಳನ್ನು ಹಾಸಿಟ್ಟಿದ್ದರು.

ಇಂದಿನ ಗಣಕಯಂತ್ರಗಳ ಲೋಕದಲ್ಲಿಯೂ ಇದೇ ವ್ಯವಹಾರ ನಡೆಯುತ್ತಿರುವುದನ್ನು ಬಲ್ಲವರು ಬಲ್ಲರು. ಬ್ಯಾಂಕು ಮೊದಲಾದ ದೊಡ್ಡ ಸಂಸ್ಥೆಗಳಲ್ಲಿ ಒಂದು ಗಣಕದ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ ಮಿಡಲ್‌ವೇರ್ ಎಂಬ ನಡುವಣ ತಂತ್ರಾಂಶವೊಂದಿರುತ್ತದೆ. ಅದಕ್ಕೆ ಜೋಡಿಸಿಕೊಂಡ ಕ್ಲೈಂಟುಗಳು ಯಾವ ವರ್ಷನ್ನಿನವೆಂದು ಎಣಿಸದೆ ಸರ್ವರನ್ನು ಅಪ್‌ಗ್ರೇಡ್ ಮಾಡಿದರೆ, ಸರ್ವರು ಸುಖವಾಗಿದ್ದು ಸಂದೇಶಗಳು ಮಾತ್ರ ನಿಂತುಹೋಗುತ್ತವೆ. ಕಾಫ್ಕಾ ಎಂಬ ಇಂಥದೊಂದು ತಂತ್ರಾಂಶದ, 2025ರಲ್ಲಿ ಹೊರಬಂದ 4.0 ಆವೃತ್ತಿಯು 2.1ಕ್ಕಿಂತ ಹಳೆಯ ಕ್ಲೈಂಟುಗಳ ಭಾಷೆಯನ್ನೇ ಕೈಬಿಟ್ಟಿತು. ಅದು ಮುಂಚಿತವಾಗಿ ಸಾರಿ ಮಾಡಿದ ಕಾರ್ಯವಾದುದರಿಂದ ದೂರುವಂತಿಲ್ಲ; ಆದರೆ ತನ್ನ ಸಂಸ್ಥೆಯ ಯಾವ ಮೂಲೆಯಲ್ಲಿ ಹಳೆಯ ಕ್ಲೈಂಟು ಅಡಗಿದೆಯೆಂದು ಹುಡುಕುವ ಹೊಣೆ ಅದನ್ನು ಬಳಸುವವನದೇ.

ನಮ್ಮ ಮಾರ್ಗಕ್ಕೆ ಮರಳೋಣ. 1992ರಲ್ಲಿ ರೈಲ್ವೆ ಇಲಾಖೆಯು ಏಕಮಾಪನದ ಯೋಜನೆಯನ್ನು ಕೈಗೊಂಡಿತು. ಆ ದಶಕದಲ್ಲಿಯೇ ಬೀರೂರು–ಶಿವಮೊಗ್ಗ ಮಾರ್ಗವೂ ವಿಶಾಲವಾಯಿತು. ಆದರೆ ಶಿವಮೊಗ್ಗದಿಂದ ಆಚೆಗೆ, ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ 1940ರಲ್ಲಿ ತಾಳಗುಪ್ಪವನ್ನು ಮುಟ್ಟಿದ್ದ ನೂರು ಕಿಲೋಮೀಟರಿಗೆ ತುಸು ಕಡಿಮೆಯಾದ ಮಾರ್ಗವು ಮೀಟರಿನಲ್ಲಿಯೇ ಉಳಿಯಿತು. ತಾಯಿಮಾರ್ಗದಿಂದ ಕಡಿದುಹೋದ ಈ ತುಂಡಿಗೆ ಬೀರೂರಿನ ಒಂದು ವ್ಯಾಗನ್ನೂ ನೇರವಾಗಿ ಬರುವಂತಿರಲಿಲ್ಲ. ಆಗ ಅದರ ಮೇಲೆ ಓಡಿದ್ದು ಬಸ್ಸಿನಂಥ ದೇಹಕ್ಕೆ ರೈಲಿನ ಗಾಲಿ ತೊಡಿಸಿದ ರೈಲ್‌ಬಸ್ಸು. ಕಾಡಿನ ನಡುವೆ ನಿಧಾನವಾಗಿ ಸಾಗುತ್ತಿದ್ದ ಅದನ್ನು ಜನ ಪ್ರೀತಿಸಿದರೆಂಬುದು ನಿಜ. ಆ ಪ್ರೀತಿಯಿಂದ ಯೋಜನೆಯ ಲೋಪವು ಮುಚ್ಚಿಹೋಗದು. ಮಾರ್ಗದ ಆದಾಯ ಸ್ವಲ್ಪ, ವೆಚ್ಚ ಬಹಳ ಎಂಬ ಸಮಾಧಾನವನ್ನು ಒಪ್ಪಿಕೊಂಡರೂ, ನಡುವಣ ಹಳಿಯನ್ನು ಬದಲಿಸುವ ದಿನವೇ ತುದಿಯ ಹಳಿಗೆ ಗಡುವೊಂದನ್ನು ಗೊತ್ತುಮಾಡಬೇಕಾಗಿತ್ತೆಂದು ನನಗೆ ತೋರುತ್ತದೆ.

ಆ ತುದಿಯು ವಿಶಾಲಹಳಿಯಾಗಲು 2011ರವರೆಗೆ ಕಾಯಬೇಕಾಯಿತು. ದೂರದರ್ಶನದ ‘ಮಾಲ್ಗುಡಿ ಡೇಸ್’ನಲ್ಲಿ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡಿದ್ದ ಅರಸಾಳಿನ ಹಳೆಯ ಕಟ್ಟಡವು 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮೈಸೂರಿನಲ್ಲಿ ಗಾಡಿ ಹತ್ತಿದ ಪ್ರಯಾಣಿಕನು ಈಗ ಶಿವಮೊಗ್ಗದಲ್ಲಿ ಇಳಿದು ಬದಲಿಸದೆ ತಾಳಗುಪ್ಪವನ್ನು ಸೇರುತ್ತಾನೆ.